ಉತ್ತರಕ್ಕೆ ಬಿಟ್ಟ ಜಾಗ

ಹರಟೆಯನ್ನು ಸಂದರ್ಶನವೆಂದು ಕರೆಯುವವರ ಬಗ್ಗೆ ನನಗೆ ಸಹನೆಯಿಲ್ಲ. ಕೊಲ್ಲಿ ನಾಡಿನ ಈ ಜಿಂಜ್‌ನಲ್ಲಿ, ನಮ್ಮ ಕಟ್ಟಡದ ಮೇಲಿನ ಮನೆಯ ವಸಂತಕುಮಾರರು ಅಂಥವರಲ್ಲ. ಮುಲ್ಕಿಯಿಂದ ಬಂದು, ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಯೊಂದರಲ್ಲಿ ತಲೆ ನರೆಸಿಕೊಂಡ ಇವರು, ಶುಕ್ರವಾರಗಳಂದು ಮಲಗುವ ಕೋಣೆಯಲ್ಲಿ ಕನ್ನಡದ ಪಾಡ್‌ಕಾಸ್ಟ್ ನಡೆಸುತ್ತಾರೆ. ನರ್ಸುಗಳು, ಬಡಗಿಗಳು, ಚೆಂಡೆ ಬಾರಿಸುವ ಇಂಜಿನಿಯರುಗಳು ಅಲ್ಲಿ ಕುಳಿತು ತಮ್ಮ ಕೆಲಸದ ಒಳಗುಟ್ಟುಗಳನ್ನು ಬಿಚ್ಚಿಟ್ಟಿದ್ದಾರೆ. ಸದ್ದು ಬಾರದಂತೆ ಕಿಟಕಿಗೆ ಕಂಬಳಿ, ಎಸಿ ಬಂದ್. ಅತಿಥಿಗೆ ಬೆವರೊರೆಸಲು ಒಂದು ಬೈರಾಸು.

ಪ್ರಶ್ನೆ ಕೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿರುತ್ತಾರೆ. ಧ್ವನಿಯನ್ನು ಕತ್ತರಿಸಿ ಜೋಡಿಸುವ ಮಗಳು ಅನಿಷಾಳಿಗೆ ಅದೇ ತಲೆನೋವು.

"ಪಪ್ಪಾ, ಇಷ್ಟು ಗ್ಯಾಪ್ ಬಿಟ್ರೆ ಜನ ನೆಟ್ ಹೋಯ್ತು ಅಂದ್ಕೊಳ್ತಾರೆ!"

ಈ ಅಭ್ಯಾಸ ಕ್ಯಾಸೆಟ್ಟಿನ ಕಾಲದ್ದು. ಮದುವೆಯ ಹೊಸತರಲ್ಲಿ ಅವರು ಇಲ್ಲಿ, ಪತ್ನಿ ರಾಜೀವಿ ಮುಲ್ಕಿಯಲ್ಲಿ. ಈಗಿನಂತೆ ಬೆರಳೊತ್ತಿದ ಕೂಡಲೇ ಮುಖ ಕಾಣುತ್ತಿರಲಿಲ್ಲ. ಒಂದು ಸ್ವರ ಕಡಲು ದಾಟಲು ಯಾರದಾದರೂ ರಜೆ ಮಂಜೂರಾಗಬೇಕಿತ್ತು. ಊರಿಗೆ ಹೋಗುವವರ ಕೈಯಲ್ಲಿ, ಹಲ್ವಾದ ಡಬ್ಬಿಯ ಜೊತೆ, ಮಾತು ತುಂಬಿದ ಕ್ಯಾಸೆಟ್ ಕಳುಹಿಸುವುದು ನಮ್ಮವರ ಪದ್ಧತಿ. ವಸಂತಕುಮಾರರು ಒಂದೊಂದು ಪ್ರಶ್ನೆ ಕೇಳಿ ಟೇಪನ್ನು ಖಾಲಿ ಓಡಲು ಬಿಡುತ್ತಿದ್ದರು. ಆ ಜಾಗದಲ್ಲಿ ಆಕೆ ಉತ್ತರ ತುಂಬಿ ಹಿಂದಿರುಗಿಸಲಿ ಎಂಬ ಆಸೆ. ಒಂದೂ ಮರಳಲಿಲ್ಲ. ತನ್ನೊಡನೆ ಮಾತಾಡಲು ಆಕೆಗೆ ಮನಸ್ಸಿರಲಿಲ್ಲವೆಂದೇ ಅವರು ನಂಬಿದರು. ಆಕೆ ಇಲ್ಲಿಗೆ ಬಂದು ಸಂಸಾರ ಹೂಡಿದ ಮೇಲೂ ಕೇಳುವ ಧೈರ್ಯ ಬರಲಿಲ್ಲ.

ಈಗ ನಿವೃತ್ತಿ. ವೀಸಾ ಮುಗಿಯುವ ಮುನ್ನ, ಕೊನೆಯ ಕಂತಿಗೆ ಪತ್ನಿಯೇ ಅತಿಥಿಯಾಗಬೇಕೆಂದು ಹಟ ಹಿಡಿದರು. ರಾಜೀವಿ ಇಲ್ಲಿನ ಯಕ್ಷಗಾನ ತಂಡಕ್ಕೆ ವೇಷಭೂಷಣ ಹೊಲಿಯುವವರು. "ನಾನೇನು ದೊಡ್ಡ ಜನವಾ?" ಎಂದು ಪ್ರತಿಬಾರಿ ಜಾರಿಕೊಂಡವರು, ಈ ಸಲ ನಾನೂ ಪಕ್ಕದಲ್ಲಿ ಕುಳಿತರೆ ಆಗಬಹುದೆಂದರು. ಕುಳಿತೆ.

"ನೀವು ಹೊಲಿಗೆಗೆ ಬಂದದ್ದು ಹೇಗೆ?" ಎಂದು ವಸಂತಕುಮಾರರು ಆರಂಭಿಸಿದರು.

"ಅಬ್ಬ, 'ನೀವು' ಅಂತೆ! ಮೈಕಿನ ಎದುರು ಇಷ್ಟು ಮರ್ಯಾದೆ ಸಿಗ್ತದೆ ಅಂತ ಗೊತ್ತಿದ್ರೆ ಮೊದಲೇ ಬರ್ತಿದ್ದೆ."

ಅನಿಷಾ ಬಾಯಿ ಮುಚ್ಚಿ ನಕ್ಕಳು. ಅವರು ಗಂಭೀರವಾಗಿ, ಎಲ್ಲ ಅತಿಥಿಗಳಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ನೋಡುವವರು ಒಬ್ಬರೂ ಇಲ್ಲದಿದ್ದರೆ, ಆಗಲೂ ಹೊಲಿಯುತ್ತಿದ್ದಿರಾ?"

ಮತ್ತೆ ಆ ಮೌನ. ರಾಜೀವಿ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡರು.

"ನೀವು ಕ್ಯಾಸೆಟ್ಟಲ್ಲೂ ಹೀಗೇ. ಕೇಳುವುದು, ಮತ್ತೆ ಸುಮ್ಮನೆ ಕೂರುವುದು."

ವಸಂತಕುಮಾರರ ದನಿ ತಗ್ಗಿತು. "ನೀನು ಒಂದಕ್ಕೂ ಉತ್ತರ ಹೇಳ್ಲಿಲ್ಲ."

"ಯಾರು ಹೇಳಿದ್ದು? ಎಲ್ಲದಕ್ಕೂ ಹೇಳಿದ್ದೇನೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಕ್ಯಾಸೆಟ್ ಹಾಕುವುದು. ನಿಮ್ಮ ಮಾತು ನಿಂತಲ್ಲಿ ನಾನು ಹೇಳುವುದು. ರೆಕಾರ್ಡಿನ ಆ ಕೆಂಪು ಗುಂಡಿ ಒತ್ತಿದ್ರೆ ನಿಮ್ಮ ಸ್ವರ ಅಳಿಸಿ ಹೋದೀತು ಅಂತ ಹೆದರಿಕೆ. ಒತ್ತಲಿಲ್ಲ."

"ಹಾಗೇ ವಾಪಸ್ ಕಳಿಸ್ಬಹುದಿತ್ತಲ್ಲ?"

"ಕಳಿಸಿದ್ರೆ ನನಗೆ ಕೇಳ್ಲಿಕ್ಕೆ ಏನುಂಟು ಮತ್ತೆ?" ಎಂದು ಆಕೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಕೇಳುವವರಿಲ್ಲದೆ ಅಷ್ಟು ಮಾತಾಡಿದವಳು, ನೋಡುವವರಿಲ್ಲದಿದ್ರೆ ಹೊಲಿಯುದಿಲ್ವಾ?"

ವಸಂತಕುಮಾರರು ಪ್ರಶ್ನೆಗಳ ಚೀಟಿಯನ್ನು ಮಡಚಿಟ್ಟರು. ಆ ಕಂತಿನಲ್ಲಿ ಆಮೇಲೆ ಬರುವ ಮೌನವನ್ನು ಅನಿಷಾ ಕತ್ತರಿಸಿಲ್ಲ. ಅದರ ಕೊನೆಯಲ್ಲಿ, ಕಿವಿಗೊಟ್ಟರೆ, ಅವರು ಕೇಳಿದ್ದು ಕೇಳಿಸುತ್ತದೆ:

"ಆಗ ಏನೆಲ್ಲ ಹೇಳಿದ್ದಿ?"

"ಮೊದಲು ಎಸಿ ಹಾಕಿ. ತುಂಬ ಉಂಟು."