ಗಣಿತದ ಮೇಡಂ ಹೊರಿಸಿದ ಹರಕೆ

ಹೋದ ವಾರ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಮಾದಪ್ಪನ ಬೆಟ್ಟದಿಂದ ಬಂದ ಬಸ್ಸೊಂದು ಪಕ್ಕದಲ್ಲಿ ನಿಂತಿತು. ಇಳಿದವರಲ್ಲಿ ಒಂದು ಮನೆಯವರು, ಅಪ್ಪನಿಂದ ಕೂಸಿನವರೆಗೆ, ಮುಡಿ ಕೊಟ್ಟು ಬಂದಿದ್ದರು. ನುಣ್ಣನೆಯ ತಲೆಗಳಿಗೆ ಹಚ್ಚಿದ್ದ ಗಂಧವೂ ಬೆವರೂ ಸೇರಿ ಒಂದು ವಾಸನೆ... ನನ್ನ ಕೈ ತಾನಾಗಿ ನನ್ನ ಜಡೆಯ ಮೇಲೆ ಹೋಯಿತು. ನೆನಪಾದದ್ದು ದೇವರಲ್ಲ, ನಮ್ಮ ಹೈಸ್ಕೂಲಿನ ಗಣಿತದ ಮೇಡಂ.

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಮೇಡಂ ಯಾವಾಗಲೂ ಒಂದೇ ಪಾಚಿ ಬಣ್ಣದ ಸೀರೆಯಲ್ಲಿರುತ್ತಾರೆ. ವರ್ಷಗಟ್ಟಲೆ ಒಂದೇ ಸೀರೆ ಉಟ್ಟಿರಲು ಸಾಧ್ಯವಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯರಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಅವರು ನಕ್ಕ ಕಡೆಯೆಲ್ಲ ಅದು ಸ್ವಲ್ಪ ಸ್ವಲ್ಪ ಉಬ್ಬಿದೆ. ಯಾವುದು ನಡೆದದ್ದು, ಯಾವುದು ಉಬ್ಬಿದ್ದು ಎಂದು ಬಿಡಿಸಲು ಹೊರಟರೆ... ಇರಲಿ.

ಆಗ ನಾನು ಒಂಬತ್ತನೇ ಕ್ಲಾಸು, ಹುಡುಗರ ಸಾಲಿನಲ್ಲಿ ಕೂರುತ್ತಿದ್ದೆ. ನಾನು ಹುಡುಗಿ ಎಂದು ನನಗೆ ಗೊತ್ತಿತ್ತು, ಹಾಜರಿ ಪುಸ್ತಕಕ್ಕೆ ಗೊತ್ತಿರಲಿಲ್ಲ. ನನ್ನ ಹತ್ತಿರ ಇದ್ದ ಒಂದೇ ಪುರಾವೆ, ಕಿವಿ ದಾಟಿ ಇಳಿಯುತ್ತಿದ್ದ ಕೂದಲು. ಮನೆಯಲ್ಲಿ ಅಪ್ಪ ಅದಕ್ಕಾಗಿ ಬೈಯುತ್ತಿದ್ದ, ಅವ್ವ ಏನೂ ಅನ್ನುತ್ತಿರಲಿಲ್ಲ. ಸ್ಕೂಲಿನಲ್ಲಿ ಹೆಡ್ಮಾಸ್ಟರ ಕಣ್ಣು ಅದರ ಮೇಲೆ ಬಿದ್ದಿತ್ತು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಕತ್ತರಿ ಹಿಡಿದು ಹುಡುಗರ ಸಾಲುಗಳ ನಡುವೆ ಓಡಾಡುತ್ತಿದ್ದರು. ಕೂದಲು ಉದ್ದ ಕಂಡರೆ ನೆತ್ತಿಯಿಂದ ಒಂದು ಹಿಡಿ ಕತ್ತರಿಸಿ ಬಿಡುವುದು. ಮಿಕ್ಕದ್ದು ಸಲೂನಿನವನ ಕೆಲಸ. ನನ್ನ ಕೂದಲಿಗೆ ಕತ್ತರಿ ಬಿದ್ದ ದಿನ ಸ್ಕೂಲು ಬಿಟ್ಟುಬಿಡುವುದೆಂದು ನಾನು ತೀರ್ಮಾನಿಸಿದ್ದೆ.

ಆಪ್ತ ಸಮಾಲೋಚನೆಯ ಹೊಣೆ ನಮ್ಮಲ್ಲಿ ಗಣಿತದ ಮೇಡಂ ಮೇಲೆ ಬಿದ್ದಿತ್ತು. ಹೊಣೆಗಳನ್ನು ಹಂಚಿದ ದಿನ ಅವರು ರಜೆಯಲ್ಲಿದ್ದರು, ಅದಕ್ಕೇ ಬಿತ್ತು. ಯಳಂದೂರಿನವರು, ಸಿಟ್ಟಿಗೆ ಹೆಸರಾದವರು. ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯ ಬಾಗಿಲಿಗೆ 'ಆಪ್ತ ಸಮಾಲೋಚನಾ ಕೊಠಡಿ' ಎಂದು ಬರೆಸಿ, ಒಳಗೆ ಎರಡು ಕುರ್ಚಿ ಹಾಕಿಸಿದ್ದರು. ಹೋದರೆ ಮಗ್ಗಿ ಕೇಳುತ್ತಾರೆ ಎಂಬ ಸುದ್ದಿ ಹಬ್ಬಿ ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ನಾನು ಹೋದದ್ದು ಧೈರ್ಯ ಬಂದಲ್ಲ. ಅವತ್ತು ಶನಿವಾರ, ನಾಡಿದ್ದು ಸೋಮವಾರ.

ಮೇಡಂ ಕೈ ಕಟ್ಟಿ ಕೂತರು. ಮತ್ತೇನೋ ನೆನಪಾಗಿ ಬಿಚ್ಚಿದರು. "ಕೈ ಕಟ್ಕೊಂಡು ಕೂತ್ರೆ ಮಕ್ಳು ಹೆದರ್ಕೊತಾವಂತೆ, ತರಬೇತೀಲಿ ಹೇಳವ್ರೆ. ಹೂಂ, ಹೇಳು, ಹೆದರ್ಕೋಬೇಡ," ಎಂದು ಹೋಂವರ್ಕ್ ಕೇಳುವ ದನಿಯಲ್ಲೇ ಗದರಿದರು. ನಾನು ಹೇಳಿದೆ. ಯಾವ ಮಾತಿನಲ್ಲಿ ಹೇಳಿದೆನೋ, ಒಂದೂ ನೆನಪಿಲ್ಲ. ಮೂಟೆಯ ಮೇಲೆ ಅಕ್ಕಿಹುಳವೊಂದು ನಡೆದುಹೋಗುತ್ತಿದ್ದದ್ದು ಮಾತ್ರ ನೆನಪಿದೆ...

"ಇದನ್ನ ತರಬೇತೀಲಿ ಊಟ ಆದ್ಮೇಲೆ ಹೇಳಿದ್ರು," ಎಂದರು ಮೇಡಂ. "ಪಾಯಸ ಹಾಕ್ಸಿದ್ರು. ನಂಗೆ ನಿದ್ದೆ ಬಂದ್ಬಿಡ್ತು. ಕಾಯ್ಲೆ ಅಲ್ಲ, ತಪ್ಪೂ ಅಲ್ಲ ಅನ್ನೋಗಂಟ ಎಚ್ಚರ ಇದ್ದೆ. ಮಿಕ್ಕಿದ್ದು ನೀನೇ ಹೇಳ್ಕೊಡು."

ಗಣಿತದ ಮೇಡಂಗೆ ನಾನು ಪಾಠ ಹೇಳಿದ್ದು ಅದೊಂದೇ ಸಲ. ನಡುನಡುವೆ ಪ್ರಶ್ನೆ ಹಾಕಿದರು. ಕೆಲವಕ್ಕೆ ಗೊತ್ತಿಲ್ಲ ಎಂದೆ, ಬೈಯಲಿಲ್ಲ. "ಸರಿ, ಈಗ ಏನಾಗ್ಬೇಕು?" ಎಂದರು. ಕೂದಲು ಉಳಿಯಬೇಕು ಎಂದೆ.

ಸೋಮವಾರ ಹೆಡ್ಮಾಸ್ಟರು ಕತ್ತರಿ ತೆರೆದುಕೊಂಡೇ ನನ್ನ ಮುಂದೆ ನಿಂತರು. ಟೀಚರುಗಳ ಸಾಲಿನಿಂದ ಮೇಡಂ ದನಿ ಬಂತು: "ಸಾರ್, ಅದು ಮುಡಿ. ಮಾದಪ್ಪನಿಗೆ ಬಿಟ್ಟವ್ರೆ."

ಮಾದಪ್ಪನ ಹೆಸರಿನಲ್ಲಿ ಬಿಟ್ಟ ಕೂದಲನ್ನು ನಮ್ಮ ಕಡೆ ಬೆಟ್ಟದಲ್ಲಲ್ಲದೆ ಬೇರೆಲ್ಲೂ ಕತ್ತರಿಸುವುದಿಲ್ಲ. ಹೆಡ್ಮಾಸ್ಟರಂತೂ ಅಮಾವಾಸ್ಯೆ ತಪ್ಪಿಸದೆ ಬೆಟ್ಟಕ್ಕೆ ಹೋಗುವವರು. ಕತ್ತರಿ ಜೇಬಿಗಿಳಿಯಿತು. ಅವರು ಕೆನ್ನೆ ಮುಟ್ಟಿಕೊಂಡು ನನ್ನ ತಲೆಗೆ ಒಂದು ನಮಸ್ಕಾರವನ್ನೇ ಹಾಕಿದರು.

ಮುಂದಿನ ಸೋಮವಾರದ ಹೊತ್ತಿಗೆ ಹತ್ತನೇ ಕ್ಲಾಸಿನ ಅರ್ಧ ಹುಡುಗರಿಗೆ ಹರಕೆ ಇತ್ತು. "ಏನ್ರಲಾ, ಮಾದಪ್ಪ ಒಂದೇ ವಾರದಲ್ಲಿ ಎಲ್ರ ಕನಸ್ಗೂ ಬಂದವ್ನಾ?" ಎಂದ ಹೆಡ್ಮಾಸ್ಟರು, ಮನೆಯ ದೊಡ್ಡವರನ್ನು ಕರೆತಂದು ಹೇಳಿಸಿ ಎಂದರು. ಯಾರೂ ಕರೆತರಲಿಲ್ಲ, ಕತ್ತರಿ ಓಡಾಡಿತು. ನನ್ನ ಪರವಾಗಿ ಮೇಡಂ ಹೇಳಿದ್ದರಲ್ಲ. ಅವರು ಸುಳ್ಳಾಡಬಹುದೆಂದು ಯಾರಿಗೂ ಹೊಳೆಯುವಂತಿರಲಿಲ್ಲ.

ಅವರಿಗೇ ನಂಬಲಾಗಿರಲಿಲ್ಲ. "ಸುಳ್ಳು ಹೇಳ್ಬೇಡಿ ಅಂತ ಮಕ್ಳಿಗೆ ಬಾರಿಸ್ಕೊಂಡು ಬಂದೋಳು ನಾನು," ಎಂದು ಅಕ್ಕಿ ಕೋಣೆಯಲ್ಲಿ ಹಣೆ ಚಚ್ಚಿಕೊಂಡರು. ಆಮೇಲೆ ನನ್ನ ತಲೆ ತಿರುಗಿಸಿ ನೋಡಿ, "ಜುಟ್ಟು ಕಟ್ಟೋವಷ್ಟು ಬಂದೈತೇನೇ?" ಎಂದರು. ಹೆಣ್ಣುಮಗಳನ್ನು ಮಾತಾಡಿಸುವ ಹಾಗೆ ನನ್ನನ್ನು ಮೊದಲು ಮಾತಾಡಿಸಿದವರು ಅವರು. ಕೋಣೆಯಿಂದ ಹೊರಗೆ ಮಾತ್ರ ಗಂಡೆಂದೂ ಹೆಣ್ಣೆಂದೂ ಇಲ್ಲದೆ ಬರೀ ಗದರುತ್ತಿದ್ದರು.

ಹೆಡ್ಮಾಸ್ಟರಿಗೆ ನನ್ನ ಮೇಲೆ ಭಕ್ತಿಯೇ ಬಂದುಬಿಟ್ಟಿತು. ಸೋಮವಾರ ಬಾಡು ತಿನ್ನುವುದಿಲ್ಲ ತಾನೇ ಎಂದು ವಿಚಾರಿಸುವರು. ಹತ್ತನೇ ಕ್ಲಾಸಿನಲ್ಲಿ ಕೂದಲು ಹೆಗಲಿಗೆ ತಾಗಿದಾಗ, ಒಂದು ಶನಿವಾರ, "ನಾಳೆ ಬೆಟ್ಟಕ್ಕೆ ಹೊರಟಿದೀನಿ, ಕಾರಲ್ಲಿ ಜಾಗ ಐತೆ. ನಿಮ್ಮೂರು ಬಂಡಳ್ಳಿಗೇ ಬರ್ತೀನಿ, ನಿಮ್ಮವ್ವನ್ನೂ ಕರ್ಕೊ. ಮುಡಿ ಕೊಟ್ಟು ಬಂದ್ಬಿಡಣ," ಎಂದರು.

ಹರಕೆಯ ವಿಷಯ ಅವ್ವನಿಗೆ ಗೊತ್ತೇ ಇರಲಿಲ್ಲ. ಯಾವ ಹರಕೆ ಎಂದು ಅವಳು ಒಂದು ಮಾತು ಕೇಳಿದರೆ ಕೂದಲೂ ಹೋಯಿತು, ಮೇಡಂ ಮರ್ಯಾದೆಯೂ ಹೋಯಿತು.

ಅವತ್ತೇ ಓಡಿಹೋಗಿ ಮೇಡಂಗೆ ಹೇಳಿದೆ. ಭಾನುವಾರ ಮೊದಲ ಬಸ್ಸಿಗೇ ಅವರು ನಮ್ಮ ಮನೆಗೆ ಬಂದರು. ಅಪ್ಪ ಅರಿಸಿನದ ಹೊಲಕ್ಕೆ ಹೋಗಿದ್ದ. ಅವ್ವ ಟೀ ಕೊಟ್ಟಳು. "ನೋಡಮ್ಮ, ನಿಮ್ಮ ಮಗು..." ಎಂದು ಶುರು ಮಾಡಿದ ಮೇಡಂ, ಒಂದು ಗುಟುಕು ಕುಡಿದು, "ಲೆಕ್ಕದಲ್ಲಿ ಚುರುಕು," ಎಂದರು. ಮತ್ತೆ ಶುರು ಮಾಡಿದರು, ಮತ್ತೆ ಲೆಕ್ಕಕ್ಕೇ ಬಂದು ನಿಂತರು. ಲೆಕ್ಕದಲ್ಲಿ ನಾನು ಎಂಥವಳೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಕಾರಿನ ಹಾರನ್ನು. ಹೆಡ್ಮಾಸ್ಟರು ಹೆಗಲಿಗೆ ಟವೆಲು ಹಾಕಿಕೊಂಡು ಇಳಿದರು.

"ಏನವ್ವಾ, ಹೊರಡಣ್ವಾ? ಮಗನ ಮುಡಿ."

ಅವ್ವ ನನ್ನನ್ನು ನೋಡಿದಳು. ಮೇಡಂ ಕಡೆ ನೋಡಿದಳು. ಮೇಡಂ ಲೋಟದೊಳಗೆ ನೋಡುತ್ತಿದ್ದರು.

"ಇನ್ನೂ ಇಲ್ಲ ಸಾ," ಎಂದಳು ಅವ್ವ. "ನಾ ಕೇಳ್ಕಂಡಿರದು ಇನ್ನೂವೆ ಆಗಿಲ್ಲ. ಆದ್ಮೇಲೆ ನಾವೇ ಓಯ್ತೀವಿ."

"ಏನ್ ಕೇಳ್ಕಂಡಿದ್ದೀಯವ್ವಾ?"

"ಅದ ಬಾಯ್ಬುಟ್ಟು ಏಳ್ಬಾರ್ದು ಕಣ ಸಾ."

ಹೆಡ್ಮಾಸ್ಟರು ತಲೆಯಾಡಿಸಿದರು, ಟೀ ಕುಡಿದರು, ಆಮೇಲೆ ಮೇಡಂ ಇಲ್ಲೇಕಿದ್ದಾರೆ ಎಂದು ಕೇಳಿದರು. "ಮಗು ಲೆಕ್ಕದಲ್ಲಿ ಚುರುಕು ಸಾರ್," ಎಂದರು ಮೇಡಂ. ಹೇಗೂ ಜಾಗವಿದೆಯಲ್ಲ ಎಂದು ಹೆಡ್ಮಾಸ್ಟರು ಅವರನ್ನೇ ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೋದರು. "ಮಾದಪ್ಪಾ, ಸುಳ್ಳು ಹೇಳ್ದೆ ಕಣಪ್ಪ, ತಪ್ಪಾಯ್ತು ಅನ್ನಣ ಅಂತ ನಿಂತ್ಕೊಂಡ್ರೆ, ಸಾರು ಪಕ್ಕದಲ್ಲೇ ಕೈಮುಗ್ದು ನಿಂತವ್ರೆ. ಮನಸ್ಸಲ್ಲೇ ಹೇಳ್ಕೊಂಡು ಬಂದೆ," ಎಂದು ಮರುದಿನ ಹೇಳಿದರು. ನಾವಿಬ್ಬರೂ ಅಕ್ಕಿ ಮೂಟೆಗೆ ಒರಗಿ ನಕ್ಕದ್ದು... ಇದು ಉಬ್ಬಿದ್ದಲ್ಲ.

ನಾನು ಮೈಸೂರಿಗೆ ಓದಲು ಹೋದೆ, ಮೇಡಂಗೆ ಯಳಂದೂರಿನ ಕಡೆಗೆ ವರ್ಗವಾಯಿತು. ಹೊಸ ಹೆಸರನ್ನು ಫೋನಿನಲ್ಲಿ ತಿಳಿಸಿದಾಗ, "ಇನಿಶಿಯಲ್ಲು ಹಳೇದೇ ತಾನೇ?" ಎಂದಷ್ಟೇ ಕೇಳಿದರು. ಸೀರೆ ಉಟ್ಟು ಒಮ್ಮೆ ಎದುರಿಗೆ ಹೋಗಿ ನಿಲ್ಲಬೇಕೆಂದುಕೊಂಡು ಮುಂದೂಡುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ಬಂದದ್ದು ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ. ಎಲ್ಲರೂ ತಾವು ತಿಂದ ಏಟನ್ನು ನೆನೆದು ಬರೆದರು. ನಾನು ಬರೆದೆ, ಅಳಿಸಿದೆ.

ಆ ಭಾನುವಾರ ಮೇಡಂ ಬಂದ ಕೂಡಲೇ ನನ್ನನ್ನು ಹಾಲು ತರಲು ಕಳಿಸಿದ್ದರು ಎಂದು ಈಚೆಗೆ ಅನ್ನಿಸುತ್ತದೆ. ಅಷ್ಟರಲ್ಲಿ ಅವ್ವನಿಗೆ ಎಲ್ಲ ಹೇಳಿ ಮುಗಿಸಿದ್ದರೆ? ಅಥವಾ ಹಾಲು ನಾನು ಆಮೇಲೆ ಸೇರಿಸಿಕೊಂಡದ್ದೆ? ಕೇಳೋಣವೆಂದರೆ ಮೇಡಂ ಇಲ್ಲ. ಅವ್ವ ಈಗ ನನ್ನ ಹೊಸ ಹೆಸರನ್ನೇ ಕರೆಯುತ್ತಾಳೆ, ಊರಿಗೆ ಹೋದರೆ ತಲೆಗೆ ಎಣ್ಣೆಯೊತ್ತುತ್ತಾಳೆ. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವೂ ಬೆಟ್ಟಕ್ಕೆ ಹೋಗೋಣ ಎಂದಿಲ್ಲ. ಅವತ್ತು ಅವಳು ಹೇಳಿದ್ದು ಸುಳ್ಳಾಗಿದ್ದರೆ ಸರಿ. ನಿಜವಾಗಿದ್ದರೆ, ಅವಳು ಕೇಳಿಕೊಂಡದ್ದು ಇನ್ನೂ ಆಗಿಲ್ಲ.

ಹೋದ ವಾರ ಅವಳು ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದಾಗ ಕೇಳಿದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಬಾಚಣಿಗೆ ನಿಂತಿತು, ಮತ್ತೆ ಓಡಾಡಿತು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ನಿಜವಾಗ್ಲೂ ಕೇಳ್ಕಂಡಿದ್ಯಾ? ಮಾದಪ್ಪನ್ನ ಏನಂತ ಕೇಳ್ಕಂಡೆ?"