ಎಡಗಡೆಯ ಪಾಲು

ರೊಟ್ಟಿಯ ಒಂದು ಮಗ್ಗುಲು ಬೆಂದಿತ್ತು. ಬಾಗಿಲಲ್ಲಿ ನೆರಳು ಬಿದ್ದಾಗ ಸುಗಲಾಬಾಯಿ ತಲೆಯೆತ್ತಿ ನೋಡಿ, ರೊಟ್ಟಿ ಮಗುಚಿ ಹಾಕಿದಳು. ಊರ ನಡುವಿನ ದೊಡ್ಡ ಮನೆಯ ಚನ್ನವೀರಪ್ಪ ಹೊಸ್ತಿಲಾಚೆ ಬರಿಗಾಲಲ್ಲಿ ನಿಂತಿದ್ದ.

“ಅತ್ತಿ, ಸ್ವಲ್ಪ ಮನಿತನಕ ಬರ್ರಿ. ಕೂಸು ಅಳೂದೂ ಬಿಟ್ಟದ.”

ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಒಲೆಯ ಕಟ್ಟಿಗೆ ಹೊರಗೆಳೆದು, ನೀರು ಚಿಮುಕಿಸಿ ಎದ್ದಳು.

ಇದು ೧೯೩೨ರ ಮಾತು. ಕುಂಭಾರಿಯಲ್ಲಿ ಕೂಸು ಸತ್ತ ಮನೆಗೆ ಸುಗಲಾಬಾಯಿಯನ್ನು ಕರೆಯುವುದು ರೂಢಿಯಾಗಿತ್ತು. ಗಂಡ ಕಾಶಪ್ಪ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದಾಗ, ೧೯೧೮ರ ದೊಡ್ಡ ಜ್ವರದಲ್ಲಿ, ಅಲ್ಲಿನ ಗಿರಣಿಯವರ ಚಾಳಿನ ಕೋಣೆಯಲ್ಲಿ ಅವಳ ಎಳೆಗೂಸು ತೀರಿಕೊಂಡಿತ್ತು. ಸಾವಿನ ಮನೆಯಲ್ಲಿ ಅವಳು ಸಮಾಧಾನದ ಮಾತು ಆಡುತ್ತಿರಲಿಲ್ಲ. ತಾಯಿಯ ಪಕ್ಕ ಕುಳಿತು ತನ್ನದನ್ನು ಹೇಳುತ್ತಿದ್ದಳು. “ಬಂದ್ಲು ನೋಡವಾ, ತನ್ನ ಹಾಡು ಹಾಡಾಕ” ಎಂದು ನೆರೆಮನೆಯ ಸೋಮವ್ವ ಅಣಕಿಸುವುದಿತ್ತು. ಅದೇ ಸೋಮವ್ವ ಮೊಮ್ಮಗಳು ಹೋದಾಗ ಇವಳ ಸೆರಗು ಹಿಡಿದು ಕೂತಿದ್ದಳು.

ಚನ್ನವೀರಪ್ಪನ ಹೆಂಡತಿ ಗುರಮ್ಮ ತಿಂಗಳ ಹಿಂದೆ ಅವಳಿ ಹೆತ್ತಿದ್ದಳು. ಹೆಣ್ಣು ಸತ್ತು ಅಂದಿಗೆ ಮೂರನೆಯ ದಿನ. ಗಂಡು ಉಳಿದಿತ್ತು, ಆದರೆ ಅದಕ್ಕೆ ಮೊಲೆ ಕೊಡಲು ಅತ್ತೆ ಅಕ್ಕನಾಗಮ್ಮ ಬಿಟ್ಟಿರಲಿಲ್ಲ. ಸತ್ತ ಕೂಸಿನ ಪಾಲಿನ ಹಾಲನ್ನು ಅದನ್ನು ಹೂಳಿದ ಮಣ್ಣಿನ ಮೇಲೆ ಹಿಂಡುವ ಮುನ್ನ ಉಳಿದದ್ದು ಕುಡಿದರೆ, ಹೋದದ್ದು ತನ್ನ ಜೋಡಿಯನ್ನು ಎಳೆದುಕೊಳ್ಳುತ್ತದೆ ಎಂಬುದು ಅವಳ ಭಯ. ಹಿಂಡಬೇಕಾದ ಮೂರನೆಯ ದಿನವೇ ಅಮಾವಾಸ್ಯೆ ಬಂದು, ಮಣ್ಣಿಗೆ ಹೋಗುವುದು ಐದನೆಯ ದಿನಕ್ಕೆ ಸರಿಯಿತು. ಅಲ್ಲಿಯವರೆಗೆ ಆಡಿನ ಹಾಲಿನಲ್ಲಿ ಅರಳೆಯ ಬತ್ತಿ ಅದ್ದಿ ಚೀಪಿಸುತ್ತಿದ್ದರು. ಕೂಸು ಅದನ್ನು ಕಾರುತ್ತಿತ್ತು.

ಗುರಮ್ಮ ಗೋಡೆಗೆ ಎದೆಯೊತ್ತಿ ಕೂತಿದ್ದಳು. ಅಕ್ಕನಾಗಮ್ಮನ ತೊಡೆಯ ಮೇಲಿನ ಕೂಸಿನ ತುಟಿ ಒಣಗಿತ್ತು, ನೆತ್ತಿ ಒಳಗಿಳಿದಿತ್ತು.

“ಕೂತು ನಿನ್ನ ಮಾತು ಹೇಳು,” ಎಂದಳು ಅಕ್ಕನಾಗಮ್ಮ. “ಹಾಲಿನ ಸುದ್ದಿ ಮಾತ್ರ ಎತ್ತಬ್ಯಾಡ. ಹೋದದ್ದು ಒಂದು ಸಾಕು ನನಗ.”

ಸುಗಲಾಬಾಯಿ ತನ್ನ ಕೂಸಿನ ಮಾತು ತೆಗೆದಳು. ಗುರಮ್ಮ ಅರ್ಧಕ್ಕೇ ತಡೆದಳು.

“ನಿಂದು ಒಂದೇ ಇತ್ತು, ಅತ್ತಿ. ಹೋತು, ಮುಗೀತು. ನನಗ ಆಕಿ ಮಾರಿನೇ ಅಲ್ಲಿ ತೊಡಿ ಮ್ಯಾಲ ಮಲಗೇದ. ನಿನಗೇನ ಗೊತ್ತು?”

ಕೂಸು ಬಾಯಿ ತೆರೆಯಿತು, ದನಿ ಬರಲಿಲ್ಲ. ಗುರಮ್ಮನ ಕುಪ್ಪಸ ತೊಯ್ದದ್ದು ಸುಗಲಾಬಾಯಿಗೆ ಕಂಡಿತು.

“ಖರೆ ಅದ. ಎರಡರದ್ದು ನನಗ ಗೊತ್ತಿಲ್ಲ,” ಎಂದು ಅವಳು ತನ್ನ ಎದೆ ಮುಟ್ಟಿಕೊಂಡಳು. “ಇದು ಗೊತ್ತದ. ಮೂರನೇ ದಿನ ನಾನೂ ಹಿಂಡೀನಿ. ಸೊಲ್ಲಾಪುರದಾಗ ನಮ್ಮ ಕಡಿ ಹೆಂಗಸರು ಯಾರೂ ಇರಲಿಲ್ಲ, ಮಣ್ಣಿಗೆ ಒಬ್ಬಾಕೀನ ಹೋಗಿದ್ದೆ. ಹಿಂಡಿದ್ರ ನಿಲ್ಲತದ ಅಂದಿದ್ರು. ನಿಲ್ಲಲಿಲ್ಲ. ಮಗ್ಗುಲ ಖೋಲ್ಯಾಗ ಯಾರದೋ ಕೂಸು ಅತ್ತರ ಸಾಕು, ಸೀರಿ ತೊಯ್ತಿತ್ತು. ಎದಿ ಕಲ್ಲಾಗಿ, ಗೋಡಿಗೆ ಒತ್ತಿ ನಿಲ್ತಿದ್ದೆ. ಕುಡಿಯೋ ಬಾಯಿ ಇರಲಿಲ್ಲ ಮನ್ಯಾಗ.”

ಗುರಮ್ಮ ಮೊದಲ ಬಾರಿ ತಿರುಗಿದಳು. “ಗೋಡಿ ತಣ್ಣಗ ಹತ್ತತದ. ಅದಕ್ಕ ಇಲ್ಲಿ ಕೂತೀನಿ.”

“ಗೊತ್ತು, ನನ್ನವ್ವಾ.”

ಗುರಮ್ಮ ತಾನಾಗಿಯೇ ಮುಂದೆ ಹೇಳಿದಳು: “ಬಲಗಡೀದು ಇವಂದು, ಎಡಗಡೀದು ಆಕೀದು. ಹುಟ್ಟಿದಾಗಿಂದ ಹಂಗ. ಬದಲಿ ಮಾಡಿದ್ರ ಇಬ್ರೂ ಒಲ್ಲೆ ಅಂತಿದ್ರು.”

ಸುಗಲಾಬಾಯಿ ಅಕ್ಕನಾಗಮ್ಮನ ಕಡೆ ನೋಡಿದಳು. “ಅಕ್ಕಾ, ಎಡಗಡೀದು ಮುಟ್ಟೋದು ಬ್ಯಾಡ. ಅದು ಹೋದಾಕಿ ಪಾಲು, ಐದನೇ ದಿನ ಮಣ್ಣಿಗೆ ಕೊಡೂಣು. ಬಲಗಡೀದು ಇವಂದೇ ಅದಲ್ಲ? ಇವಂದು ಇವನಿಗೆ ಕೊಡಾಕ ಯಾರ ಅಡ್ಡಿ?”

ಹೊರಗೆ ಚನ್ನವೀರಪ್ಪ ಸೊಲ್ಲಾಪುರದ ಡಾಕ್ಟರರ ಬಳಿ ಹೋಗಲು ಗಾಡಿ ಕಟ್ಟುತ್ತಿದ್ದ. ಅಕ್ಕನಾಗಮ್ಮ ಕೂಸಿನ ನೆತ್ತಿಯ ಮೇಲೆ ಅಂಗೈ ಇಟ್ಟು ಕೂತೇ ಇದ್ದಳು. ಕೊನೆಗೆ ಹೇಳಿದಳು: “ಎಡಗಡೀದಕ್ಕ ಬಟ್ಟಿ ಕಟ್ಟು. ಬಿಗಿ ಕಟ್ಟು. ಆಮ್ಯಾಲ ಕೊಡು.”

ಕೂಸಿಗೆ ಚೀಪುವ ಶಕ್ತಿ ಇರಲಿಲ್ಲ. ಗುರಮ್ಮ ಹಿಂಡಿ ತುಟಿಗೆ ಬಿಟ್ಟಳು. ಮೊದಲ ಹನಿ ಗದ್ದಕ್ಕೆ ಹರಿಯಿತು, ಮುಂದಿನದೂ ಹಾಗೆಯೇ. ಆಮೇಲೆ ಅದು ನುಂಗಿತು.

ಐದನೆಯ ದಿನ ಗುರಮ್ಮ ಸುಗಲಾಬಾಯಿಯ ಜೊತೆ ಹೊಲದ ಬದುವಿಗೆ ಹೋಗಿ, ಕಟ್ಟು ಬಿಚ್ಚಿ, ಎಡಗಡೆಯದನ್ನು ಮಗಳ ಮಣ್ಣಿನ ಮೇಲೆ ಹಿಂಡಿದಳು. ಗಂಡುಕೂಸು ಬಲಗಡೆಯದನ್ನು ಕುಡಿದು, ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿತ್ತು.