ತೂತಿಲ್ಲದ ಎಲೆ

ಶನಿವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮಗಳು ಗಾಜಿನ ಜಾಡಿ ಹಿಡಿದು ಅಡುಗೆಮನೆಗೆ ಬಂದಳು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಆಗ ನಾವು ವಿದೇಶದಲ್ಲಿ, ಅರೋರಾ ಎಂಬ ಊರಿನಲ್ಲಿದ್ದೆವು. ಜಾಡಿಯಲ್ಲಿ ಅವಳು ಮೊನಾರ್ಕ್ ಚಿಟ್ಟೆಯ ಹುಳುಗಳನ್ನು ಸಾಕುತ್ತಿದ್ದಳು. ಬೆಳಿಗ್ಗೆ ಹಾಕಿದ ಹೊಸ ಎಲೆ ತಿಂದು ಎಲ್ಲವೂ ತಳಕ್ಕೆ ಬಿದ್ದಿದ್ದವು.

"ಅಮ್ಮಾ, ದೇ ಆರ್ ನಾಟ್ ಮೂವಿಂಗ್."

ಎಲೆ ಮನೆಯ ಹಿಂದಿನ ಬಯಲಿನದು. ಮುರಿದರೆ ಎಕ್ಕದಂತೆ ಹಾಲು ಸುರಿಸುವ ಮಿಲ್ಕ್‌ವೀಡ್ ಗಿಡದ್ದು. ಅದರ ಪಕ್ಕದಲ್ಲೇ ಚಕ್ಕೋತ ಸೊಪ್ಪು ಕಳೆಯಾಗಿ ಬೆಳೆಯುತ್ತಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆ ಅದನ್ನು ಬಿಡುವವರಲ್ಲ. ಆ ಬೆಳಿಗ್ಗೆ ಸೆರಗು ತುಂಬ ಕಿತ್ತು, "ನೋಡೇ, ಒಂದು ತೂತೂ ಇಲ್ಲ. ನಿಮ್ಮ ಸೂಪರ್‌ಮಾರ್ಕೆಟ್ಟಲ್ಲೂ ಹೀಗೆ ಸಿಗಲ್ಲ" ಎಂದಿದ್ದರು. ಹೆಜ್ಜೆಯಿಟ್ಟರೆ ಮೇಲೇಳುತ್ತಿದ್ದ ಚಿಟ್ಟೆಗಳು ಅಂದು ಒಂದೂ ಎದ್ದಿರಲಿಲ್ಲ. ಜಾಡಿ ನೋಡಿದ ಮೇಲೆ ಅದು ನೆನಪಾಯಿತು.

ನಾನೂ ಮಗಳೂ ಸ್ಯಾಂಡ್‌ವಿಚ್ ತಿಂದಿದ್ದೆವು. ಆ ಸೊಪ್ಪಿನ ಮಸ್ಸೊಪ್ಪು ಮಾಡಿ ಉಂಡವರು ಅತ್ತೆ ಒಬ್ಬರೇ. ಸೋಫಾದಲ್ಲಿ ಕೂತು ಬೆವರುತ್ತಿದ್ದರು. ಬಾಯಲ್ಲಿ ಊರುತ್ತಿದ್ದ ನೀರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

"ಅತ್ತೆ, ಏಳಿ, ಆಸ್ಪತ್ರೆಗೆ ಹೋಗೋಣ. ಹುಳ ಎಲ್ಲ ಸತ್ತಿವೆ."

"ಹುಳ ಸತ್ರೆ ನಾನ್ಯಾಕೆ ಹೋಗ್ಲಿ? ಸೆಖೆಗೆ ಹೀಗಾಗಿದೆ. ಸೊಪ್ಪು ತೊಳೆದೇ ಮಾಡಿದೀನಿ ಕಣೇ."

ಹೇಗೋ ಅವರನ್ನು ಕಾರು ಹತ್ತಿಸಿ, ಜಾಡಿಯನ್ನೂ ತೆಗೆದುಕೊಂಡು ಹೊರಟೆ. ಯಂಗ್ ಸ್ಟ್ರೀಟಿನ ಒಂದು ಸಿಗ್ನಲ್ಲಿನ ಕೆಂಪು ದೀಪದ ಬಳಿ ಅವರ ಮಾತು ನಿಂತಿತು, ತಲೆ ಕಾರಿನ ಕಿಟಕಿಗೆ ವಾಲಿತು. ಅಲ್ಲಿಂದ ಮುಂದೆ ಹೇಗೆ ಓಡಿಸಿದೆನೋ ನೆನಪಿಲ್ಲ. ವೈದ್ಯರಿಗೆ ಜಾಡಿ ತೋರಿಸಿದೆ. ಅವರು ನಗಲಿಲ್ಲ, ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು, ಸೂಜಿಮೊನೆಯಷ್ಟಾಗಿದ್ದ ಪಾಪೆ ನೋಡಿ, ಕೂಡಲೇ ಚಿಕಿತ್ಸೆ ಶುರು ಮಾಡಿದರು. ಪಕ್ಕದ ಜಮೀನಿಗೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ಬಯಲಿಗೂ ಬಂದಿತ್ತೆಂದು ಆಮೇಲೆ ತಿಳಿಯಿತು.

ಅತ್ತೆ ಗುಣವಾಗಿ ಮೈಸೂರಿಗೆ ಮರಳಿದರು. ನನ್ನ ನಿದ್ದೆ ಮಾತ್ರ ಕನಸು ಆ ಕೆಂಪು ದೀಪದ ಹತ್ತಿರ ಬಂದಾಗಲೆಲ್ಲ ಮುರಿಯುತ್ತಿತ್ತು.

"ನಾನಿಲ್ಲಿ ಗೊರಕೆ ಹೊಡೀತಿದೀನಿ, ನಿಂಗೇನೇ ಬಂತು?" ಎಂದು ಅವರು ಫೋನಿನಲ್ಲಿ ಗದರುತ್ತಿದ್ದರು.

ಹಸಿರಾಗಿದ್ದ ಮಾತ್ರಕ್ಕೆ ಬಯಲು ಚೆನ್ನಾಗಿದೆಯೆಂದು ನಾನು ಮತ್ತೆ ನಂಬಲಿಲ್ಲ. ಮುಂದಿನ ಬೇಸಿಗೆ ಅಲ್ಲಿ ಒಂದು ಚಿಟ್ಟೆಯೂ ಕಾಣಲಿಲ್ಲ. ಅದರ ಮುಂದಿನ ಬೇಸಿಗೆ ಮಗಳು ಕೈಹಿಡಿದು ಎಳೆದೊಯ್ದಳು. ಮಿಲ್ಕ್‌ವೀಡ್ ಎಲೆಗಳ ಮೇಲೆ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳುಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು. ಅತ್ತೆಗೆ ಫೋನ್ ಮಾಡಿ ಹೇಳಿದೆ.

"ಎಲೇಲಿ ತೂತಿದೆಯಾ?"

"ಜರಡಿ ಆಗಿದೆ ಅತ್ತೆ."

"ಹಾಗಾದ್ರೆ ಮಲಕ್ಕೋ ಹೋಗು."

ಅಂದು ಮಲಗಿದವಳು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು.